ಡಂಕನ್ ಬಿಟ್ಟುಕೊಟ್ಟ ದುಡ್ಡು

ಅಮೆರಿಕದ ಸ್ಯಾನ್ ಆಂಟೋನಿಯೋಗೆ ಬಂದ ಹೊಸದರಲ್ಲಿ ಇಲ್ಲಿನವರ ಮಾತು ಕೇಳಿ ಆಶ್ಚರ್ಯ ಆಗುತ್ತಿತ್ತು. ನಮ್ಮ ಕಡೆ ಮ್ಯಾಚ್ ಮುಗಿದರೆ ‘ದ್ರಾವಿಡ್ ಎಷ್ಟು ಹೊಡೆದ?’ ಅಂತ ಕೇಳುತ್ತೇವೆ. ಇಲ್ಲಿ ಊರಿನ ಬಾಸ್ಕೆಟ್‌ಬಾಲ್ ತಂಡ ಸ್ಪರ್ಸ್‌ನ ಅಭಿಮಾನಿಗಳು ತಮ್ಮ ಸ್ಟಾರ್ ಟಿಮ್ ಡಂಕನ್ ಎಷ್ಟು ಸಂಬಳಕ್ಕೆ ಸಹಿ ಹಾಕಿದ ಅಂತ ಲೆಕ್ಕ ಹಾಕುತ್ತಿದ್ದರು. ಇನ್ನೊಬ್ಬರ ಸಂಬಳ ಕಟ್ಟಿಕೊಂಡು ಇವರಿಗೇನು ಅನಿಸಿತ್ತು. ಈಗ ನಾನೂ ಅದೇ ಲೆಕ್ಕ ಹಾಕುತ್ತೇನೆ.

ಸ್ಪರ್ಸ್ ಆಡುವ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡದ ಒಟ್ಟು ಸಂಬಳಕ್ಕೆ ‘ಸ್ಯಾಲರಿ ಕ್ಯಾಪ್’ ಅನ್ನೋ ಮಿತಿ ಇದೆ. ಕೆಲವು ರಿಯಾಯಿತಿಗಳಿವೆ, ಆದರೆ ಜಾಸ್ತಿ ಮೀರಿದರೆ ದಂಡ ಬೀಳುತ್ತದೆ. 10 ವರ್ಷ ಆಡಿದ ಸ್ಟಾರ್ ಒಬ್ಬನೇ ಆ ಮಿತಿಯ ಶೇ. 35ರಷ್ಟು ಪಡೆಯಬಹುದು. ಐಪಿಎಲ್‌ನ ಪರ್ಸ್ ಕೂಡ ಹೆಚ್ಚುಕಡಿಮೆ ಹೀಗೇ ಅಲ್ವಾ? ಆದರೆ ಅಲ್ಲಿ ಹರಾಜಿಗೆ ಹೋದವನ ಬೆಲೆ ಕೂಗಿದವರ ಕೈಯಲ್ಲಿ. ಇಲ್ಲಿ ಸ್ಟಾರ್ ತಾನೇ ಕೂತು ತೀರ್ಮಾನ ಮಾಡುತ್ತಾನೆ. ಅವನ ಒಂದು ಸಹಿ ಉಳಿದವರಿಗೆ ಎಷ್ಟು ಜಾಗ ಅನ್ನೋದನ್ನು ಹೇಳಿಬಿಡುತ್ತದೆ.

2011-12ರಲ್ಲಿ ಡಂಕನ್‌ನ ಸಂಬಳ ಸುಮಾರು 21 ಮಿಲಿಯನ್ ಡಾಲರ್. ಮರುವರ್ಷ ಅವನು ಒಪ್ಪಿಕೊಂಡಿದ್ದು 10 ಮಿಲಿಯನ್‌ಗೂ ಕಡಿಮೆ. ಅದೇ ಬೇಸಿಗೆಯಲ್ಲಿ ಡ್ಯಾನಿ ಗ್ರೀನ್, ಬೋರಿಸ್ ಡಿಯಾವ್, ಪ್ಯಾಟಿ ಮಿಲ್ಸ್ ತಂಡದಲ್ಲೇ ಉಳಿದರು.

2013ರ ಫೈನಲ್ ಆರನೇ ಪಂದ್ಯ ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಯಾಮಿಯಲ್ಲಿ 28 ಸೆಕೆಂಡ್ ಬಾಕಿ, ನಮಗೆ ಐದು ಪಾಯಿಂಟ್ ಮುನ್ನಡೆ. ಟ್ರೋಫಿ ಕೊಡೋದಕ್ಕೆ ಅಂತ ಅಂಕಣದ ಪಕ್ಕ ಹಳದಿ ಹಗ್ಗ ತಂದು ಹಿಡಿದಿದ್ದರು. ಕೊನೇ ಗಳಿಗೆಯಲ್ಲಿ ಕೋಚ್ ಪೊಪೊವಿಚ್ ಡಂಕನ್‌ನನ್ನು ಹೊರಗೆ ಕೂರಿಸಿದರು. ಎದುರಾಳಿ ಮಯಾಮಿ ತಂಡದ ಹೊಡೆತ ತಪ್ಪಿತು. ಚೆಂಡು ಹಿಡಿಯೋದಕ್ಕೆ ರಿಂಗ್ ಕೆಳಗೆ ಡಂಕನ್ ಇಲ್ಲ. ಮಯಾಮಿಯ ಬಾಷ್ ಚೆಂಡು ಹಿಡಿದು ತನ್ನ ಜೊತೆಗಾರ ರೇ ಆಲನ್‌ಗೆ ಕೊಟ್ಟ, ಅವನು ಮೂಲೆಯಿಂದ ಮೂರು ಪಾಯಿಂಟ್ ಹೊಡೆದ. ಪಂದ್ಯ ಸಮ ಆಯಿತು, ಹೆಚ್ಚುವರಿ ಅವಧಿಯಲ್ಲಿ ಸೋತೆವು. ಏಳನೇ ಪಂದ್ಯದ ಕೊನೆಯಲ್ಲಿ ಡಂಕನ್ ರಿಂಗಿನ ಹತ್ತಿರದಲ್ಲೇ ಎರಡು ಸಲ ಗುರಿ ತಪ್ಪಿ, ಬಗ್ಗಿ ಎರಡೂ ಕೈಯಲ್ಲಿ ನೆಲ ಬಡಿದ. ಅದನ್ನೂ ಸೋತೆವು, ಟ್ರೋಫಿ ಕೈತಪ್ಪಿತು.

ನಮ್ಮ ಕಡೆ ಇಷ್ಟಾಗಿದ್ದರೆ ವಾರಗಟ್ಟಲೆ ಬೈಗುಳ ನಡೆಯುತ್ತಿತ್ತು. ಡಂಕನ್ ಕೋಚ್ ಮೇಲೆ ಒಂದು ಮಾತೂ ಆಡಲಿಲ್ಲ. ಮೊದಲಿಂದಲೂ ಹಾಗೇ. ಪೊಪೊವಿಚ್ ಎಲ್ಲರ ಎದುರೇ ಬೈದರೂ ಸುಮ್ನೆ ಕೇಳಿಸಿಕೊಳ್ಳುತ್ತಿದ್ದ. ಮನೇಲಿ ಹಿರಿಮಗನೇ ಬೈಸಿಕೊಂಡ ಮೇಲೆ ಕಿರಿಯರು ಬಾಯಿ ತೆಗೆಯುತ್ತಾರಾ? ಒಲಿಂಪಿಕ್ ಚಿನ್ನ ಗೆದ್ದ ಮಾನು ಜಿನೊಬಿಲಿಯಂಥವನು ಬೆಂಚಿನಿಂದ ಎದ್ದು ಬಂದು ಆಡಿದ ತಂಡ ಇದು. 2014ರ ಫೈನಲ್‌ನಲ್ಲಿ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು. ಮೂರನೇ ಪಂದ್ಯದಿಂದ ಡಿಯಾವ್ ಮೊದಲ ಐವರಲ್ಲಿ ಆಡಿದ. ಸರಣಿಯ ಶ್ರೇಷ್ಠ ಆಟಗಾರ ಅನಿಸಿಕೊಂಡವನು 22ರ ಹುಡುಗ ಕವಾಯ್ ಲೆನಾರ್ಡ್. ಆ ರಾತ್ರಿ ಊರೆಲ್ಲ ಕಾರಿನ ಹಾರ್ನ್.

ಇನ್ನೊಂದು ಕಡೆ, ಲೇಕರ್ಸ್ ತಂಡದ ಸ್ಟಾರ್ ಕೋಬಿ ಬ್ರಯಂಟ್ 2013ರಲ್ಲಿ ಎರಡು ವರ್ಷಕ್ಕೆ 48.5 ಮಿಲಿಯನ್‌ಗೆ ಸಹಿ ಹಾಕಿದ. ಆ ಒಪ್ಪಂದದ ಎರಡು ವರ್ಷ ಲೇಕರ್ಸ್ ವರ್ಷಕ್ಕೆ 82 ಪಂದ್ಯಗಳಲ್ಲಿ ಗೆದ್ದಿದ್ದು ಮೊದಲು 21, ಆಮೇಲೆ 17. ಗಾಯಗಳೂ ಕಾಡಿದವು, ನಿಜ. ಐದು ಸಲ ಟ್ರೋಫಿ ಗೆಲ್ಲಿಸಿಕೊಟ್ಟವನಿಗೆ ಆ ದುಡ್ಡು ಸಲ್ಲಲೇಬೇಕಿತ್ತು ಅನ್ನುವವರ ಜೊತೆ ನಾನು ಜಗಳ ಆಡಲ್ಲ. ಆದರೆ ಒಬ್ಬನಿಗೇ ಮಿತಿಯ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಹೋದ ಮೇಲೆ ಪಕ್ಕದಲ್ಲಿ ನಿಲ್ಲೋದಕ್ಕೆ ಯಾರನ್ನು ತರೋದು?

ಊರಿನ ಗೆಳೆಯರಿಗೆ ಇದನ್ನು ಹೇಳಿದರೆ ‘ಎಂಥ ತ್ಯಾಗ’ ಅನ್ನುತ್ತಾರೆ. ನನಗೆ ಆ ಪದ ಒಪ್ಪಿಗೆಯಿಲ್ಲ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡಿದ್ದರಿಂದ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಕ್ಕ. ಭಾರತ ಫೈನಲ್‌ವರೆಗೆ ಹೋಯಿತು. ಅದನ್ನು ನಾವು ಇವತ್ತಿಗೂ ಕೈ ಮುಗಿದು ನೆನೆಯುತ್ತೇವೆ, ಆದರೆ ಅದರ ಹಿಂದಿನ ಲೆಕ್ಕ ಮರೆಯುತ್ತೇವೆ. ಡಂಕನ್ ಆಗಲಿ ದ್ರಾವಿಡ್ ಆಗಲಿ, ಗೆಲ್ಲಬೇಕು ಅಂತಲೇ ಹಾಗೆ ಮಾಡಿದ್ದು.

ಈಗ ಊರಿನ ಕಣ್ಣೆಲ್ಲ ಸ್ಪರ್ಸ್‌ನ ಹೊಸ ಸ್ಟಾರ್ ವಿಕ್ಟರ್ ವೆಂಬನ್ಯಾಮ ಮೇಲಿದೆ. ಅವನೂ ಕಡಿಮೆಗೆ ಒಪ್ಪಿಕೊಳ್ಳಬೇಕು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹರೆಯದಲ್ಲಿ ಡಂಕನ್ ಪೂರ್ತಿ ದುಡ್ಡು ತಗೊಂಡಿದ್ದ. 2003ರಲ್ಲಿ ಏಳು ವರ್ಷಕ್ಕೆ 122 ಮಿಲಿಯನ್. ಬಿಟ್ಟುಕೊಟ್ಟಿದ್ದು 36ನೇ ವಯಸ್ಸಿನಲ್ಲಿ, ನಾಲ್ಕು ಸಲ ಟ್ರೋಫಿ ಗೆದ್ದಾದ ಮೇಲೆ. ಈ ಹುಡುಗನಿಗೂ ಅಷ್ಟು ಸಮಯ ಕೊಡಬೇಕು.