ಇದನ್ನ ಮುಂಚೆ ಯಾರು ಬಿಚ್ಚಿದ್ದು?

ಮೂರು ದಿನದಿಂದ ನನ್ನ ಬಲಗೈ ಎಣ್ಣೆ ನಾರುತ್ತಿದೆ. ತಲೆಗೆ ಹಾಕುವ ಎಣ್ಣೆಯಲ್ಲ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ. ಅಂಟುವಾಳಕಾಯಿ ಹಾಕಿ ಉಜ್ಜಿದ್ದಾಯಿತು, ಸಕ್ಕರೆ ಹಾಕಿ ತಿಕ್ಕಿದ್ದಾಯಿತು, ಪಾತ್ರೆ ತೊಳೆಯುವ ನಾರಿನಲ್ಲಿ ಕೆರೆದುಕೊಂಡು ಹೆಂಡತಿಯಿಂದ ಬೈಸಿಕೊಂಡದ್ದೂ ಆಯಿತು. ಮಧ್ಯಾಹ್ನ ಅನ್ನಕ್ಕೆ ಒಂದೆಲಗದ ತಂಬುಳಿ ಕಲಸಿ ಬಾಯಿಗಿಟ್ಟರೆ ಮೊದಲು ಟ್ರ್ಯಾಕ್ಟರು ಬರುತ್ತದೆ, ಆಮೇಲೆ ತಂಬುಳಿ.

ನಮ್ಮದು ತೋಟದ ಮಿನಿ ಟ್ರ್ಯಾಕ್ಟರು. ಅಡಿಕೆ ಮರಗಳ ಸಂದಿಯಲ್ಲಿ ಮೈ ಸವರಿಕೊಳ್ಳದೆ ಹೋಗಬಲ್ಲಷ್ಟು ಸಣ್ಣದು. ಅಪ್ಪಯ್ಯ 2008ರಲ್ಲಿ ಸೆಕೆಂಡ್ ಹ್ಯಾಂಡಿಗೆ ತಂದಾಗ ಕೆಂಪಗಿತ್ತು, ಈಗ ಹಳೇ ಚೊಗರಿನ ಬಣ್ಣಕ್ಕೆ ಬಂದಿದೆ. ಇಷ್ಟು ವರ್ಷ ಅದು ಕೆಮ್ಮಿದೆ, ಹೊಗೆ ಬಿಟ್ಟಿದೆ, ಚಳಿಗಾಲದ ಬೆಳಿಗ್ಗೆ ಏಳಲಾರೆ ಎಂದು ಹಟ ಹಿಡಿದಿದೆ. ಅದೆಲ್ಲ ಮನೆಯ ಬೇರೆ ಸದಸ್ಯರೂ ಮಾಡುವಂಥದ್ದೇ ಆದ್ದರಿಂದ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಈ ಸಲ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದ ವಾರದಲ್ಲೇ ಅದಕ್ಕೆ ಸೋರುವ ಬುದ್ಧಿ ಬಂತು.

ಸೋರಿದ್ದಾದರೂ ಎಲ್ಲಿ? ಅಂಗಳದಲ್ಲಿ. ಅಡಿಕೆ ಹರವಲಿಕ್ಕೆಂದು ಅಮ್ಮ ಮುಂದೆ ನಿಂತು ಸಗಣಿ ಸಾರಿಸಿದ್ದ ಅಂಗಳದಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಟ್ರ್ಯಾಕ್ಟರಿನ ಹೊಟ್ಟೆಯಡಿ ದೋಸೆಯಷ್ಟಗಲ ಕಲೆ. ಕೊನೆ ಹೊರಲು ಹಿಂದಿನ ಲಿಫ್ಟಿಗೆ ಕಟ್ಟಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಸಂಜೆ ಎತ್ತಿ ನಿಲ್ಲಿಸಿದ್ದೆ. ಅದು ರಾತ್ರಿ ಯಾವಾಗಲೋ ಸದ್ದಿಲ್ಲದೆ ನೆಲಕ್ಕೆ ಕೂತಿತ್ತು.

"ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಲ್ಲ ಕೇಳಿದೀನಿ. ಆಯಿಲ್ ಅಡಿಕೆ ಅಂತ ಮಂಡಿಯಲ್ಲಿ ತಗೊಳ್ತಾರನಾ?" ಎಂದರು ಅಮ್ಮ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಎಂದು ಪ್ಯಾಸ್ಕಲ್ ಹದಿನೇಳನೇ ಶತಮಾನದಲ್ಲೇ ಹೇಳಿದ್ದಾನೆ. ಟ್ರ್ಯಾಕ್ಟರಿನ ಲಿಫ್ಟ್ ನಡೆಯುವುದೂ ಅದರಿಂದಲೇ, ನಮ್ಮ ಮನೆ ನಡೆಯುವುದೂ ಅದರಿಂದಲೇ. ಅಂಗಳದಲ್ಲಿ ಅಮ್ಮ ಒತ್ತಿದ್ದು ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗಿ ಕೇಳಿಸಿತು.

ಎಂಜಿನ್ ಹಚ್ಚಿ, ಪೆಟ್ಟಿಗೆ ಎತ್ತಿ, ಅದರಡಿ ಹಲಸಿನ ಕೊರಡು ಒಡ್ಡಿ, ಅಡಿಕೆ ಹಾಳೆಯೊಂದನ್ನು ಮಡಚಿ ಹನಿ ಬೀಳುವಲ್ಲಿ ಇಟ್ಟೆ. ಮೂರು ಸೆಕೆಂಡಿಗೊಂದು ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 28,800 ಹನಿ, ಅಂದರೆ 1,440 ಮಿಲಿಲೀಟರ್. ನಿಜವಾಗಿ ಅಷ್ಟು ಸೋರುತ್ತಿರಲಿಲ್ಲ ಅನ್ನಿ, ಪೆಟ್ಟಿಗೆ ನೆಲ ಮುಟ್ಟಿದ ಕೂಡಲೇ ಒತ್ತಡ ಹೋಗಿ ಹನಿ ನಿಲ್ಲುತ್ತಿತ್ತು. ಲೆಕ್ಕ ಹಾಕಿದವನ ಒತ್ತಡ ಮಾತ್ರ ಇಳಿಯಲಿಲ್ಲ.

ಹನಿ ಬೀಳುವ ಜಾಗ ಕಂಡಿತಲ್ಲ, ಅಲ್ಲೇ ಬಿಗಿ ಮಾಡಿದರಾಯಿತು ಎಂದುಕೊಳ್ಳುವವರು ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಲ್ಲ. ನೀರು ತೊಟ್ಟಿಕ್ಕುವುದು ಜಗಲಿಯ ನಡುವೆ, ಒಡೆದ ಹಂಚು ಇರುವುದು ನಾಲ್ಕು ಸಾಲು ಮೇಲೆ. ನೀರು ಪಕಾಸಿಯ ಮೇಲೆ ಹರಿದು, ರೀಪಿನ ಗುಂಟ ನಡೆದು, ತನಗೆ ಇಷ್ಟ ಬಂದಲ್ಲಿ, ಅಂದರೆ ಸರಿಯಾಗಿ ನಿಮ್ಮ ಹಾಸಿಗೆಯ ಮೇಲೆ ಬೀಳುತ್ತದೆ. ಎಣ್ಣೆಯೂ ಅದೇ ಜಾತಿ. ಗೇರ್ ಬಾಕ್ಸಿನ ಡ್ರೈನ್ ಪ್ಲಗ್ಗಿನಿಂದ ತೊಟ್ಟಿಕ್ಕುತ್ತಿತ್ತು. ಪ್ಲಗ್ಗನ್ನು ಪಾನಾ ಹಿಡಿದು ಇನ್ನರ್ಧ ಸುತ್ತು ತಿರುಗಿಸಿದೆ. ಹನಿ ಇನ್ನಷ್ಟು ಸ್ಫುಟವಾಗಿ ಬೀಳತೊಡಗಿತು.

ಕೈಯಿಂದ ಪೈಪು ಸವರಿ ನೋಡೋಣವೆಂದರೆ ಅದು ಮಾಡಲೇಬಾರದ ಕೆಲಸ. ಕಾರಿನ ಟೈರಿನಲ್ಲಿರುವ ಒತ್ತಡ ಎರಡು ಬಾರ್ ಚಿಲ್ಲರೆ, ಈ ಪೈಪಿನಲ್ಲಿ ನೂರೈವತ್ತರ ಆಸುಪಾಸು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿಕೊಂಡು ಒಳಗೇ ಹೋಗುತ್ತದೆ, ಗಾಯ ಇರುವೆ ಕಚ್ಚಿದಷ್ಟೇ ಕಂಡರೂ ಬೆರಳು ಉಳಿಸಿಕೊಳ್ಳಲು ಆಸ್ಪತ್ರೆಗೆ ಓಡಬೇಕಾಗುತ್ತದೆ. ಹಾಗಾಗಿ ಮಗಳಿಗೆ ಆನ್‌ಲೈನಿನಲ್ಲಿ ಬಂದ ಚಪ್ಪಲಿಯ ರಟ್ಟಿನ ಡಬ್ಬ ಹರಿದು ಪೈಪಿನ ಗುಂಟ ಹಿಡಿದೆ. ರಟ್ಟು ಒಣಗಿಯೇ ಇತ್ತು. ಪೈಪುಗಳು ನಿರಪರಾಧಿಗಳು.

ಉಳಿದದ್ದು ಪೌಡರ್ ಉಪಾಯ. ಡೀಸೆಲ್ಲಿನಿಂದ ಇಡೀ ಹಿಂಭಾಗ ತೊಳೆದು, ಬನಿಯನ್ ವೇಸ್ಟಿನಲ್ಲಿ ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಕು. ಎಣ್ಣೆ ಮೊದಲು ಒಸರುವ ಜಾಗದಲ್ಲಿ ಪೌಡರ್ ಒದ್ದೆಯಾಗಿ ಕಪ್ಪಾಗುತ್ತದೆ. ಇದು ಮೆಕ್ಯಾನಿಕ್‌ಗಳೆಲ್ಲ ಬಲ್ಲ ಉಪಾಯ. ಹೆಂಡತಿಯ ಶ್ರೀಗಂಧದ ಪೌಡರಿನ ಡಬ್ಬಿ ಕದ್ದು ತಂದೆ. ನಾನು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಟ್ರ್ಯಾಕ್ಟರಿನ ಹಿಂಭಾಗಕ್ಕೆ, ಎಣ್ಣೆನೀರು ಹಾಕಿಸಿಕೊಂಡ ಶಿಶುವಿಗೆ ಹಚ್ಚಿದ ಹಾಗೆ, ಪೌಡರ್ ಹಚ್ಚುತ್ತಿರುವಾಗಲೇ ದಣಪೆ ಸದ್ದಾಯಿತು. ಮಗನ ಉಪನಯನದ ಕರೆಯಕ್ಕೆ ಬಂದ ನೆಂಟರು, ಗಂಡ ಹೆಂಡತಿ. ಕೈಯಲ್ಲಿ ಅಕ್ಷತೆಯ ಬಟ್ಟಲು. ಬಟ್ಟಲು ಹಿಡಿದ ಅಕ್ಕ ಒಮ್ಮೆ ನನ್ನನ್ನೂ ಒಮ್ಮೆ ಟ್ರ್ಯಾಕ್ಟರನ್ನೂ ನೋಡಿ, ಅಕ್ಷತೆ ಯಾರಿಗೆ ಮೊದಲು ಕೊಡಬೇಕು ಎಂದು ತಿಳಿಯದೆ ನಿಂತರು. "ಸೋರ್ತಾ ಇದೆ," ಎಂದೆ ನಾನು. "ಎಷ್ಟು ತಿಂಗಳು?" ಎಂದು ಕೇಳಿದರು ಭಾವ.

ಅಂತೂ ಜಾಗ ಸಿಕ್ಕಿತು. ಸೀಟಿನಡಿ, ಲಿಫ್ಟಿನ ಕಂಟ್ರೋಲ್ ವಾಲ್ವ್ ಕೂರುವ ಬುಡದಲ್ಲಿ, ಬಿಳಿಯ ನಡುವೆ ಕಪ್ಪು ಗೆರೆಯೊಂದು ಮೀಸೆ ಚಿಗುರಿದಂತೆ ಮೂಡಿತು. ಅಲ್ಲಿಂದ ಇಳಿದು, ಸುತ್ತಿ, ಒಂದೂವರೆ ಅಡಿ ಪ್ರಯಾಣ ಮಾಡಿ ಡ್ರೈನ್ ಪ್ಲಗ್ಗಿನ ಹೆಸರು ಕೆಡಿಸಿತ್ತು. ಇನ್ನು ನನ್ನ ಕೈಯಲ್ಲಾಗುವುದಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ. "ನಾಳೆ ಬೆಳಿಗ್ಗೆ ನಿಮ್ಮನೇಲೇ ತಿಂಡಿ," ಎಂದರು.

ಬಾಯಿಮಾತಿನ ಒಪ್ಪಂದ. ಟ್ರ್ಯಾಕ್ಟರಿನ ಬೆನ್ನಿಗೆ ಮೂರು ತೋಳಿನ ಹೈಡ್ರಾಲಿಕ್ ಲಿಫ್ಟ್ ಕೂರಿಸಿದ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಕೂಡ 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಕಾಗದಪತ್ರ ಏನೂ ಇಲ್ಲದೆ ಬರೀ ಕೈಕುಲುಕಿ ವ್ಯವಹಾರ ಕುದುರಿಸಿದ್ದ. ಕೊನೆಗೆ ಅದು ಕೋರ್ಟ್ ಹತ್ತಿ, 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ನಮ್ಮಲ್ಲಿ ಕೋರ್ಟಿನವರೆಗೆ ಹೋಗಲಿಲ್ಲ. ಹೆಂಡತಿ ಮೂರು ದಿನ ಬೆಳಿಗ್ಗೆ ಒಂದೊಂದು ಆಳಿಗೆ ಹೆಚ್ಚಾಗಿ ದೋಸೆ ಎರೆದಳು, ನಾನು ಮೂರು ದಿನ ಅದನ್ನೂ ತಿಂದೆ.

ನಾಲ್ಕನೇ ದಿನ ಮೇಸ್ತ್ರಿ ಬಂದರು. ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಸೀಟು ತೆಗೆದರು, ಬಗ್ಗಿ ನೋಡಿದರು, ನಿಟ್ಟುಸಿರು ಬಿಟ್ಟರು. ಆಮೇಲೆ ಆ ಪ್ರಶ್ನೆ ಬಂತು.

"ಹೆಗಡೇರೇ, ಇದನ್ನ ಮುಂಚೆ ಯಾರು ಬಿಚ್ಚಿದ್ದು?"

ಈ ಪ್ರಶ್ನೆ ಕೇಳದೆ ಕೆಲಸ ಶುರುಮಾಡಿದ ಒಬ್ಬ ಕಸುಬುದಾರನನ್ನೂ ನಾನು ಕಂಡಿಲ್ಲ. ಪ್ಲಂಬರ್ ಬಂದರೆ ಈ ಪೈಪು ಎಳೆದವರು ಯಾರು, ವಯರಿಂಗಿನವನು ಬಂದರೆ ಈ ಸ್ವಿಚ್ಚು ಕೂರಿಸಿದ ಮಹಾನುಭಾವ ಯಾರು. ಕ್ಷೌರದ ಕುರ್ಚಿಯಲ್ಲಿ ಕೂತರೆ ಹೋದ ಸಲ ಎಲ್ಲಿ ಕಟಿಂಗ್ ಮಾಡಿಸಿದ್ದು. ಹಲ್ಲಿನ ಡಾಕ್ಟರಂತೂ ನಾವು ಬಾಯಿ ಪೂರ್ತಿ ತೆರೆದ ಮೇಲೆಯೇ ಕೇಳುತ್ತಾರೆ, ಉತ್ತರ ಯಾರಿಗೂ ಬೇಕಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ನನ್ನ ಕಷ್ಟ ಬೇರೆ. ನನಗೆ ಉತ್ತರ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಇದನ್ನು ಬಿಚ್ಚಿದ್ದು ಇದೇ ಮೇಸ್ತ್ರಿ.

"ಯಾರೋ... ನೆನಪಿಲ್ಲ," ಎಂದೆ. ಹೇಡಿ ಎನ್ನಬೇಡಿ. ಸುತ್ತ ಹದಿನೈದು ಕಿಲೋಮೀಟರಿಗೆ ಅವರೊಬ್ಬರೇ. ಕೊನೆ ತೆಗೆಯುವವರು ಮರುದಿನ ಬರುತ್ತಿದ್ದರು. ಬಿಚ್ಚಿದ ಟ್ರ್ಯಾಕ್ಟರಿನ ಎದುರು ಸತ್ಯ ಹೇಳುವುದೂ ಅರ್ಧ ತಲೆ ಬೋಳಾದಾಗ ಕ್ಷೌರಿಕನ ಜೊತೆ ಜಗಳ ತೆಗೆಯುವುದೂ ಒಂದೇ.

ಮೊದಲ ಬೋಲ್ಟು ಬಿಚ್ಚಲು ಪಾನಾದ ಬಾಲಕ್ಕೆ ಪೈಪು ಸಿಕ್ಕಿಸಿ ಜಗ್ಗಬೇಕಾಯಿತು. "ಹಿಂಗೆ ಟೈಟ್ ಮಾಡ್ತಾರನಾ? ತಲೆ ಸರಿ ಇದೆಯಾ ಅವನಿಗೆ?" ಎರಡನೆಯದು ಬೆರಳಿಗೇ ಬಂತು. "ನೋಡಿ, ಇದನ್ನ ಮುಟ್ಟೇ ಇಲ್ಲ!" ಪಕ್ಕದ ಕನೆಕ್ಷನ್ನಿನ ತಾಮ್ರದ ವಾಷರನ್ನು ಬೆಳಕಿಗೆ ಹಿಡಿದರು. "ಹಳೇದನ್ನೇ ಮಗುಚಿ ಹಾಕಿದಾನೆ. ಕಾಯಿಸಿ ಮೆದುವಾದರೂ ಮಾಡ್ಬೇಕಿತ್ತು, ಅದೂ ಇಲ್ಲ. ಕಳ್ಳ!" ನನಗೆ ಬಿಲ್ಲು ನೆನಪಾಯಿತು: ಹೊಸ ವಾಷರ್, ನಾಲ್ಕು. ಇನ್ನೊಂದು ಕಡೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸಿಕ್ಕಿತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಾವರಾಣಿಯನ್ನು ತೋರಿಸುವಂತೆ ನನಗೆ ತೋರಿಸಿದರು. "ಹೈಡ್ರಾಲಿಕ್ಕಿಗೆ ಟೇಪ್! ಚೂರು ಕಿತ್ಕೊಂಡು ಹೋಗಿ ವಾಲ್ವಲ್ಲಿ ಕೂತ್ರೆ ಯಾರಪ್ಪ ನೋಡ್ತಾನೆ? ಇದು ಪೇಟೆಯವನದೇ ಕೆಲಸ."

"ಇರಬಹುದು."

"ಎಷ್ಟು ತಗೊಂಡ?"

"ಒಂದೂವರೆ ಸಾವಿರ."

"ಅನ್ಯಾಯ!" ಎಂದರು ಮೇಸ್ತ್ರಿ. ದನಿಯಲ್ಲಿ ನಿಜವಾದ ನೋವಿತ್ತು. "ಅಂಥವರಿಗೆ ಕೇಳಿದಷ್ಟು ಎಣಿಸಿ ಕೊಡ್ತೀರಿ. ನಾವು ನೂರು ಹೆಚ್ಚು ಕೇಳಿದ್ರೆ ಮುಖ ಹುಳ್ಳಗೆ ಮಾಡ್ತೀರಿ."

ಚಹಾ ತಂದ ಹೆಂಡತಿ ಇದನ್ನು ಕೇಳಿ, "ಅಲ್ಲ, ಆಷಾಢದಲ್ಲಿ ನೀವೇ ಬಂದು..." ಎಂದು ಬಾಯಿ ತೆರೆದಳು. ನಾನು ಕೆಮ್ಮಿದೆ. ಅವಳು ನಿಲ್ಲಿಸಲಿಲ್ಲ. ಇನ್ನಷ್ಟು ಜೋರಾಗಿ, ಚಹಾದ ಲೋಟ ಅಲ್ಲಾಡುವಂತೆ ಕೆಮ್ಮಿದೆ. "ಕಷಾಯ ಮಾಡಿಕೊಡಿ ಅಕ್ಕಾ ಅವರಿಗೆ," ಎಂದರು ಮೇಸ್ತ್ರಿ. ಸಂಜೆ ನಿಜಕ್ಕೂ ಕುಡಿಯಬೇಕಾಯಿತು, ಕಾಳುಮೆಣಸು ಜಾಸ್ತಿಯೇ ಹಾಕಿದ್ದಳು.

ವಾಲ್ವು ಕೈಗೆ ಬಂತು. ಅದರಡಿ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ರಬ್ಬರಿನ ಬಳೆ, ಓ-ರಿಂಗು. ಕೂರಿಸುವಾಗ ಅಂಚಿಗೆ ಸಿಕ್ಕಿ ಒಂದು ಕಡೆ ಕಚ್ಚಿಸಿಕೊಂಡಿತ್ತು, ರಬ್ಬರು ಕಲ್ಲಾಗಿತ್ತು. ಮೂರು ದಿನದ ದೋಸೆ, ಹೆಂಡತಿಯ ಪೌಡರು, ಅಂಗಳದ ಮಾನ ಎಲ್ಲ ಹೋದದ್ದು ಇದರಿಂದ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿನಲ್ಲಿ ಏಳು ಜನರೊಂದಿಗೆ ನಾಶವಾದದ್ದಕ್ಕೂ ಚಳಿಗೆ ಬಿರುಸಾದ ಓ-ರಿಂಗೇ ಕಾರಣ. ಅದನ್ನು ನೆನೆದರೆ ನಮ್ಮ ಕಲೆ ಏನೂ ಅಲ್ಲ ಎಂದು ಅಮ್ಮನಿಗೆ ಹೇಳಿ ನೋಡಿದೆ. "ಅವರ ಮನೆ ಅಂಗಳ ಯಾರು ಸಾರಿಸಿದ್ರೋ ಪಾಪ," ಎಂದು ಮತ್ತೆ ಕಲೆಯನ್ನೇ ನೋಡಿದರು.

"ಹಳೇದು ಮನೇಲಿ ಇದೆಯಾ ನೋಡಿ," ಎಂದರು ಮೇಸ್ತ್ರಿ. ಅಟ್ಟದಿಂದ ಅಪ್ಪಯ್ಯನ ಬಿಸ್ಕೀಟ್ ಡಬ್ಬ ಇಳಿಸಿದೆ. ಅವರು ಹೋಗಿ ಆರು ವರ್ಷವಾಯಿತು, ಡಬ್ಬ ತೆರೆದಿರಲಿಲ್ಲ. ವಾಷರು, ಕಾಟರ್ ಪಿನ್ನು, ಮುರುಟಿದ ಸ್ಪ್ರಿಂಗು, ಪಂಪ್‌ಸೆಟ್ಟಿನ ಎಂಥದೋ ಚೂರು, ಒಂದೊಂದನ್ನೂ ಪತ್ರಿಕೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. 'ರಿಂಗು — ಬೇಕಾದೀತು' ಎಂಬ ಪೊಟ್ಟಣದಲ್ಲಿ ಹದಿನಾಲ್ಕು ಇದ್ದವು. ಮೇಸ್ತ್ರಿ ಒಂದೊಂದನ್ನೇ ಹಿಡಿದು ನೋಡಿದರು, ಅವರೂ ಅಷ್ಟು ಹೊತ್ತು ಮಾತಾಡಲಿಲ್ಲ. ಯಾವುದೂ ಕೂರಲಿಲ್ಲ. ಹದಿನಾಲ್ಕನ್ನೂ ಅದೇ ಕಾಗದದಲ್ಲಿ ಅದೇ ಮಡಿಕೆಗೆ ಸರಿಯಾಗಿ ಕಟ್ಟಿ, ಡಬ್ಬ ಮುಚ್ಚಿ, ಅಟ್ಟಕ್ಕೆ ವಾಪಸ್ ಇಟ್ಟೆ.

ಸಾಗರದ ಪೇಟೆಗೆ ಹೋಗಿ ಬಂದೆ. ರಿಂಗಿಗೆ ಹದಿನೈದು ರೂಪಾಯಿ, ಪೆಟ್ರೋಲಿಗೆ ಇನ್ನೂರು. ಬರುವಷ್ಟರಲ್ಲಿ ಮೇಸ್ತ್ರಿ ಬುಡ ಒರೆಸಿ ಚೊಕ್ಕ ಮಾಡಿದ್ದರು. ಮಣ್ಣು ಹೋದ ಮೇಲೆ ವಾಲ್ವಿನ ಪಕ್ಕ ಎರಡು ಹಳದಿ ಚುಕ್ಕೆ ಕಂಡವು, ಮೇಲಿನದಕ್ಕೆ ಕೆಳಗಿನದು ಸರಿಯಾಗಿ ಕೂಡಲೆಂದು ಹಾಕುವ ಗುರುತು. ಮೇಸ್ತ್ರಿ ತಮ್ಮ ಚೀಲದಿಂದ ಹಳದಿ ಪೇಂಟಿನ ಡಬ್ಬಿ ತೆಗೆಯಲು ಹೋದವರು ಹಾಗೇ ನಿಂತರು. ಚುಕ್ಕೆ ನೋಡಿದರು. ಡಬ್ಬಿ ನೋಡಿದರು. ನನ್ನನ್ನು ನೋಡಲಿಲ್ಲ.

"ಮಾರ್ಕ್ ಮಾಡಿದ್ದು ಮಾತ್ರ ಚೊಲೋ ಮಾಡಿದಾನೆ," ಎಂದರು ಸ್ವಲ್ಪ ಹೊತ್ತಿನ ನಂತರ.

ಉಳಿದ ಕೆಲಸ ಪೂರ್ತಿ ಮೌನದಲ್ಲಿ ನಡೆಯಿತು. ರಿಂಗಿಗೆ ಎಣ್ಣೆ ಸವರಿ ಬೆರಳಲ್ಲಿ ಕೂರಿಸಿದರು, ಬೋಲ್ಟುಗಳನ್ನು ಅಡ್ಡಡ್ಡಕ್ಕೆ ಒಂದಿಷ್ಟಿಷ್ಟೇ ಬಿಗಿದರು, ಎಲ್ಲ ಹೊಸ ವಾಷರ್. ಕೂಲಿ ಕೇಳಿದರೆ "ಕೊಡಿ ಏನಾದ್ರೂ" ಎಂದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದಿಲ್ಲ. ಒಂದೂವರೆ ಸಾವಿರ ಎಣಿಸಿ ಕೊಡುವ ಧೈರ್ಯವಾಗದೆ ಸಾವಿರದ ಮುನ್ನೂರು ಕೊಟ್ಟೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಎತ್ತಿದಲ್ಲೇ ಇತ್ತು, ಹಾಳೆ ಒಣಗಿತ್ತು. ಅದರ ಮರುದಿನವೂ ಒಣಗಿತ್ತು. ಇವತ್ತು ಬೆಳಿಗ್ಗೆ ಹಾಳೆ ಒಣಗಿಯೇ ಇದೆ, ಆದರೆ ಅದರಿಂದ ಒಂದು ಮೊಳ ಮುಂದೆ, ಸ್ಟೇರಿಂಗಿನ ಕೆಳಗೆ, ಹೊಸದಾಗಿ ಒಂದು ಹನಿ. ಅಮ್ಮ ಏಳುವ ಮೊದಲೇ ಅದರ ಮೇಲೆ ಕಾಲಿನಿಂದ ಮಣ್ಣು ಎಳೆದು, ಮೇಸ್ತ್ರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು.

"ಅಲ್ಲ ಹೆಗಡೇರೇ," ಎಂದರು, "ನಾನು ಬಂದು ಹೋದಮೇಲೆ ಅದನ್ನ ಮತ್ತೆ ಯಾರು ಬಿಚ್ಚಿದ್ದು?"