ಪೆಟ್ ಸ್ಕ್ಯಾನಿನ ‘ಸಕ್ಕರೆ’ ಗಡ್ಡೆಯನ್ನು ಬೆಳೆಸುವುದಿಲ್ಲ

ದೇಹದೊಳಗಿನ ಗಡ್ಡೆಯನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನಿಗೆಂದು ಚುಚ್ಚುವ ಸಕ್ಕರೆಯಿಂದ ಶ್ವಾಸಕೋಶದ ಕ್ಯಾನ್ಸರ್ ಹರಡುತ್ತದೆಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ, ಅದು ನಿಜವಲ್ಲ. ಚುಚ್ಚುವ ಎಫ್‌ಡಿಜಿ ಎಂಬುದು ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ, ಗ್ಲೂಕೋಸನ್ನು ಹೋಲುವ ವಸ್ತು. ಧಾರವಾಡ ಪೇಢೆಯ ಮೇಲೆ ಹೊರಳಿಸಿದ ಸಕ್ಕರೆ ಪುಡಿಯೇ ಚುಚ್ಚುವ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೂಗುತ್ತದೆ. ಜೀವಕೋಶವು ಎಫ್‌ಡಿಜಿಯನ್ನು ಒಳಗೆಳೆದುಕೊಂಡರೂ ಸಕ್ಕರೆಯಂತೆ ಅರಗಿಸಿಕೊಳ್ಳಲಾರದು, ಹಾಗೆ ಸಿಕ್ಕಿಕೊಳ್ಳುವುದರಿಂದಲೇ ಗಡ್ಡೆ ಚಿತ್ರದಲ್ಲಿ ಹೊಳೆಯುತ್ತದೆ. ಅದರ ವಿಕಿರಣವೂ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ.

ಗಡ್ಡೆಯು ಶ್ವಾಸನಾಳವನ್ನು ಮುಚ್ಚಿ ಅದರಾಚೆಯ ಶ್ವಾಸಕೋಶದ ಭಾಗ ಕುಸಿದಾಗ, ಸಿಟಿ ಸ್ಕ್ಯಾನಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣದಲ್ಲಿ ಕಾಣುತ್ತವೆ. ಪೆಟ್ ಚಿತ್ರದಲ್ಲಿ ಗಡ್ಡೆ ಎದ್ದು ಕಾಣುವುದರಿಂದ ವೈದ್ಯರು ರೇಡಿಯೋಥೆರಪಿಯ (ವಿಕಿರಣ ಚಿಕಿತ್ಸೆಯ) ಗಡಿಯನ್ನು ಬಿಗಿಯಾಗಿ ಗುರುತಿಸಿ, ಆರೋಗ್ಯವಂತ ಭಾಗವನ್ನು ಆದಷ್ಟು ಉಳಿಸಬಲ್ಲರು. ಆದರೆ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ: ಕ್ಷಯದ ಗಂಟೂ ಹೀಗೆಯೇ ಹೊಳೆಯಬಹುದು, ಆದ್ದರಿಂದ ಅನುಮಾನವಿದ್ದಲ್ಲಿ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಿಯೇ ನಿರ್ಧರಿಸುತ್ತಾರೆ.