ಮನೋರೋಗವಿರುವ ಅಪರಾಧಿಗೆ ಶಿಕ್ಷೆ ಕಡಿಮೆಯಾಗಬೇಕೆ?

ಪರ: ಕಾಯಿಲೆಯನ್ನೂ ತಕ್ಕಡಿಗೆ ಹಾಕಿ

ಪಕ್ಕದ ಮನೆಯವರ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆದವನು ನನ್ನ ಅಣ್ಣ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಿಸಿಕೊಳ್ಳುವುದು ಬೇಡ. ಅವನಿಗೆ ಸ್ಕಿಜೋಫ್ರೀನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನೋರೋಗ. ಕೈ ನಡುಗುತ್ತದೆಂದು ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದ. ನನಗೆ ಮಾತ್ರ ದಿನಾ ಖಾಲಿ ಸ್ಟ್ರಿಪ್ ತೋರಿಸುತ್ತಿದ್ದ. ಮಾತ್ರೆಗಳೆಲ್ಲ ಆಮೇಲೆ ದಿಂಬಿನ ಕವರಿನೊಳಗೆ ಸಿಕ್ಕವು.

ಹೊಡೆಯುವುದು ತಪ್ಪು ಅಂತ ಗೊತ್ತಿತ್ತಾ ಎಂದು ಕೋರ್ಟಿನಲ್ಲಿ ಕೇಳಿದರು. "ಗೊತ್ತಿತ್ತು ಸಾರ್" ಎಂದ. ಗೋಡೆಯಾಚೆ ಅವರು ರಾತ್ರಿಯಿಡೀ ತನ್ನನ್ನು ಕೊಲ್ಲುವ ಮಾತಾಡುತ್ತಿದ್ದಾರೆ ಎನ್ನುವುದೂ ಅವನಿಗೆ ಅಷ್ಟೇ ಖಚಿತವಾಗಿ ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ.

ಈ 'ಗೊತ್ತಿತ್ತಾ' ಇಂದು ನಿನ್ನೆಯದಲ್ಲ. 1843ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ, ಬುದ್ಧಿ ಸ್ಥಿಮಿತವಿಲ್ಲವೆಂದು ಖುಲಾಸೆಯಾದ, ದೊಡ್ಡ ಗದ್ದಲವೆದ್ದಿತು. ಆಗ ನ್ಯಾಯಾಧೀಶರು ನಿಯಮ ಬರೆದರು: ಹಾಗೆ ಖುಲಾಸೆಯಾಗಬೇಕಾದರೆ ಕಾಯಿಲೆಯಿಂದಾಗಿ ತಾನು ಏನು ಮಾಡುತ್ತಿದ್ದೇನೆಂದೇ ತಿಳಿದಿರಬಾರದು, ಇಲ್ಲವೇ ಅದು ತಪ್ಪೆಂದು ತಿಳಿದಿರಬಾರದು. ಬಹಳ ಸಣ್ಣ ಬಾಗಿಲು. ಅರ್ಧ ತಿಳಿದವನು, ತಿಳಿದೂ ತಡೆದುಕೊಳ್ಳಲಾರದವನು, ನನ್ನ ಅಣ್ಣನಂಥವನು ಹೊರಗೇ ಉಳಿಯುತ್ತಾರೆ. ಅವರನ್ನು ಸುಮ್ಮನೆ ಬಿಟ್ಟುಬಿಡಿ ಎನ್ನುತ್ತಿಲ್ಲ. ತಪ್ಪಿತಸ್ಥ ಎನ್ನಿ, ಎಷ್ಟು ವರ್ಷ, ಎಲ್ಲಿ ಎಂದು ಬರೆಯುವ ಹೊತ್ತಿಗೆ ಕಾಯಿಲೆಯನ್ನೂ ತೂಗಿ. ಇಷ್ಟೇ.

ಕಠಿಣ ಶಿಕ್ಷೆಯಿದ್ದರೆ ಹೆದರಿಕೆ ಇರುತ್ತದಂತೆ! ಗೋಡೆಯೇ ಮಾತಾಡುತ್ತಿರುವಾಗ ಯಾವ ಕಲಂ ನೆನಪಾಗುತ್ತದೆ ಸ್ವಾಮಿ? ಕೇಳುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಬೇಕಿತ್ತು.

ಪೆಟ್ಟು ತಿಂದವರ ಗತಿ? ಹನ್ನೊಂದು ಹೊಲಿಗೆ ಬಿತ್ತು. ಆ ಬಗ್ಗೆ ನಾನು ಏನಂದರೂ ತಪ್ಪಾಗುತ್ತದೆ, ಬಿಡಿ.

ಜೈಲಿಗೆ ಹೋದ ಮೊದಲ ಮೂರು ವಾರ ಅವನಿಗೆ ಮಾತ್ರೆಯೇ ಇಲ್ಲ, ವೈದ್ಯರ ಚೀಟಿ ಒಳಗೆ ಮುಟ್ಟಿರಲಿಲ್ಲ. ಜಾಲರಿಯಾಚೆಯಿಂದ ಪಿಸುಗುಟ್ಟಿದ: "ಇಲ್ಲಿಯ ಗೋಡೆಗೂ ಹೇಳಿಕೊಟ್ಟಿದ್ದಾರೆ ಕಣೋ."

ವಿರೋಧ: ಅಳೆಯುವವರು ಯಾರು?

ನನ್ನ ಪಾಲಿಗೆ ಬಂದದ್ದು ವಿರೋಧದ ಕಡೆ. ಒಪ್ಪಿಕೊಂಡ ಮೇಲೆ ವಾದಿಸಲೇಬೇಕು.

ಮೊದಲ ತಕರಾರು, ಮನಸ್ಸಿಗೆ ಥರ್ಮಾಮೀಟರ್ ಇಲ್ಲ. ನಾರ್ವೆಯಲ್ಲಿ 2011ರಲ್ಲಿ 77 ಜನರನ್ನು ಕೊಂದ ಬ್ರೇವಿಕ್‌ಗೆ ಪ್ಯಾರನಾಯ್ಡ್ (ಅತಿಯಾದ ಸಂಶಯ, ಭ್ರಮೆಗಳ) ಸ್ಕಿಜೋಫ್ರೀನಿಯಾ ಇದೆ ಎಂದು ಇಬ್ಬರು ಮನೋವೈದ್ಯರು ವರದಿ ಕೊಟ್ಟರು. ಮತ್ತಿಬ್ಬರು ಅವನನ್ನೇ ಪರೀಕ್ಷಿಸಿ ಇಲ್ಲ ಎಂದರು. 2012ರಲ್ಲಿ ಕೋರ್ಟು ಅವನ ಬುದ್ಧಿ ಸರಿಯಿದೆ ಎಂದು ತೀರ್ಮಾನಿಸಿತು. ನಾಲ್ವರು ತಜ್ಞರ ಗತಿಯೇ ಹೀಗಾದರೆ, ನಾಳೆ ಜೇಬುಗಳ್ಳನೂ ನಿದ್ದೆ ಬರುವುದಿಲ್ಲವೆಂದು ಸರ್ಟಿಫಿಕೇಟು ತಂದು ಅರ್ಧ ಶಿಕ್ಷೆ ಕೇಳುತ್ತಾನೆ. ಉತ್ಪ್ರೇಕ್ಷೆ ಅನ್ನಿ, ಪರವಾಗಿಲ್ಲ.

ಎರಡನೆಯದು, ಮನೋರೋಗವಿರುವ ಬಹುಪಾಲು ಜನ ಯಾರಿಗೂ ಕೈಯೆತ್ತುವುದಿಲ್ಲ. ರೋಗವನ್ನೇ ಕಾರಣವಾಗಿ ಹಿಡಿದರೆ ಅವರಿಗೂ ಮಸಿ ಬಳಿದಂತೆ.

ನಿಜಕ್ಕೂ ನನ್ನನ್ನು ಕಾಡುವುದು ಬೇರೆ. ಜೈಲಾದರೆ ಬಿಡುಗಡೆಗೊಂದು ತಾರೀಖಿದೆ. ಅಮೆರಿಕದಲ್ಲಿ 1975ರಲ್ಲಿ ಒಬ್ಬ ಅಂಗಡಿಯಿಂದ ಜಾಕೆಟ್ ಕದಿಯಲು ಹೋಗಿ ಸಿಕ್ಕಿಬಿದ್ದ. ಹೆಚ್ಚೆಂದರೆ ಒಂದು ವರ್ಷ ಜೈಲಾಗುವ ತಪ್ಪು. ಮಾನಸಿಕ ಅಸ್ವಸ್ಥನೆಂದು ಆಸ್ಪತ್ರೆಗೆ ಹಾಕಿದರು, ವರ್ಷ ಕಳೆದರೂ ಬಿಡಲಿಲ್ಲ. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಗುಣವಾಗುವ ತನಕ ಇಟ್ಟುಕೊಳ್ಳಬಹುದು ಎಂದಿತು, 5-4 ಬಹುಮತದಲ್ಲಿ. ಈ ಉದಾಹರಣೆ ನನ್ನ ಕಡೆಯದೋ ಎದುರಿನವರದೋ ನನಗೂ ಬಗೆಹರಿದಿಲ್ಲ. ಆದರೆ ಆ ಜಾಗದಲ್ಲಿ ನಾನಿದ್ದಿದ್ದರೆ, ಒಂದು ವರ್ಷದ ಜೈಲನ್ನೇ ಕೇಳಿಕೊಳ್ಳುತ್ತಿದ್ದೆ.